ನೊಣ ಕಟ್ಟುವ ಸಾಮಾನಿನ ಯಾದಿ

ಉದಗೀರ
೧೮ ನವೆಂಬರ್ ೨೦೨೪

ಗುರುಬಸಯ್ಯನವರಿಗೆ ಸಾರಿಕಾ ಬರೆಯುವುದು.

ಹೆಸರು ಹಿಡಿದು ಬರೆದಿದ್ದೇನೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಸಿಟ್ಟು ಬಂದರೆ ಬರಲಿ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನಿಮ್ಮದು ಶುರುವಾಗುತ್ತದೆ. ಕಾಗದದಲ್ಲಿ ಆ ತೊಂದರೆ ಇಲ್ಲ.

ನಿಮ್ಮ ಚೀಟಿಯನ್ನು ನಿಲಂಗಾದ ಟೆಂಪೋ ಡ್ರೈವರ್ ಭರತ ನಿನ್ನೆ ಗಾಡಿ ನಿಲ್ಲಿಸಿ ಕೊಟ್ಟು ಹೋದ. ನಾಲ್ಕೇ ಸಾಲು. ನೊಣ ಕಟ್ಟುವ ಸಾಮಾನು ಏನೇನು, ಯಾವ ನಂಬರಿನದು, ಎಲ್ಲಿ ಸಿಗುತ್ತದೆ, ಯಾದಿ ಮಾಡಿ ಕಳಿಸು ಎಂದು. ನಾಲ್ಕು ತಿಂಗಳ ಮೇಲೆ ಹೆಂಡತಿಗೆ ಬರೆದ ಚೀಟಿಯಲ್ಲಿ ಹೇಗಿದ್ದೀ ಎಂಬ ಒಂದು ಮಾತಿಗೆ ಜಾಗ ಸಿಗಲಿಲ್ಲ. ಇರಲಿ. ಯಾದಿ ಕೊಡುತ್ತೇನೆ. ಅದಕ್ಕೂ ಮೊದಲು ಆಷಾಢದಲ್ಲಿ ನಾನು ಮನೆ ಬಿಟ್ಟ ಮಾತು. ನಿಲಂಗಾದ ನಿಮ್ಮ ಓಣಿಗೆಲ್ಲ ಅದನ್ನು ನೀವು ನಿಮ್ಮಂತೆ ಹೇಳಿದ್ದೀರಿ. ನಾನು ಹೇಳುವುದನ್ನು ಯಾರೂ ಕೇಳಿಲ್ಲ.

ನಾನು ಮಾಡುತ್ತಿದ್ದ ಕೆಲಸ ಏನೆಂದು ನೀವು ಒಂದು ದಿನವೂ ವಿಚಾರಿಸಲಿಲ್ಲ. ಸಣ್ಣ ಗಾಳದ ಕೊಕ್ಕೆಗೆ ನೂಲು ಸುತ್ತಿ, ಗರಿ ಕಟ್ಟಿ, ನೊಣದಂತೆ ಕಾಣುವ ಹಾಗೆ ಮಾಡುವುದು. ಪುಣೆಯ ಕಂಪನಿ ಅದನ್ನು ಹೊರದೇಶಕ್ಕೆ ಕಳಿಸುತ್ತದೆ. ಅಲ್ಲಿನವರು ಹೊಳೆಯಲ್ಲಿ ನಿಂತು ಅದರಿಂದ ಮೀನು ಹಿಡಿಯುತ್ತಾರೆ. ಕಂಪನಿಯ ಸೋನಾಲಿ ಮೇಡಂ ಇಲ್ಲಿ ಉದಗೀರದಲ್ಲಿ ಹದಿನೈದು ದಿನ ಕಲಿಸಿದರು. ಕಲಿತ ಇಪ್ಪತ್ತೆರಡು ಹೆಂಗಸರಲ್ಲಿ ಮೇಡಂ ಎರಡನೇ ಸಲ ಕೈಗೆತ್ತಿಕೊಂಡು ನೋಡಿದ್ದು ನನ್ನ ನೊಣವನ್ನು.

ಮನೆಯಲ್ಲಿ ಕೆಲಸ ಶುರು ಮಾಡಿದಾಗ ಅತ್ತೆಯವರು ಬಂದು ಪಕ್ಕದಲ್ಲಿ ಕೂತರು. ಗರಿ ಯಾವುದರದು ಎಂದು ಕೇಳಿದರು. ಕಾರ್ಖಾನೆಯಲ್ಲಿ ಮಾಡಿದ್ದು, ಪ್ಲಾಸ್ಟಿಕ್ಕಿನದು ಎಂದೆ. ಅದು ಸುಳ್ಳು. ಲಿಂಗಪೂಜೆ ಮಾಡುವ ಕೈಗೆ ನಾನು ಕೋಳಿಯ ಗರಿ ಕೊಟ್ಟೆ. ಅದನ್ನು ನಾನು ಯಾರ ಮುಂದೆಯೂ ಇಲ್ಲವೆನ್ನುವುದಿಲ್ಲ. ಐವತ್ತು ವರ್ಷ ದೀಪದ ಬತ್ತಿ ಹೊಸೆದ ಬೆರಳುಗಳು ಅವರವು. ವಾರದೊಳಗೆ ನನಗಿಂತ ಚೆನ್ನಾಗಿ ಗರಿ ವಿಂಗಡಿಸತೊಡಗಿದರು. ಮಧ್ಯಾಹ್ನ ನಾವಿಬ್ಬರೂ ಕೂತು ನಗುತ್ತಿದ್ದೆವು. ನಿಮ್ಮ ಮನೆಯಲ್ಲಿ ನಾನು ನಕ್ಕದ್ದು ಅಷ್ಟೇ.

ಆಮೇಲೆ ನಿಮ್ಮ ಭಕ್ತ ನಾಗನಾಥನ ಮನೆಯ ಪಾದಪೂಜೆಯಲ್ಲಿ ಯಾರೋ ನಿಮ್ಮನ್ನು ಕೇಳಿದರು: "ಅಯ್ಯನೋರೆ, ನಿಮ್ಮ ಮನ್ಯಾಗ ಕೋಳಿ ಪುಕ್ಕ ಅದಾವಂತಲ್ಲರಿ, ಖರೇ ಏನು?" ನೀವು ಊಟಕ್ಕೆ ಕೂರದೆ ಮನೆಗೆ ಬಂದಿರಿ. "ಇದು ಮಠದ ಮನಿ ಅದ, ಕಸಾಯಿಖಾನಿ ಅಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಿರಿ. ಗರಿಯ ಡಬ್ಬಿಗಳನ್ನು ಬಾಗಿಲ ಮುಂದೆ ಸುರಿದು ಬೆಂಕಿ ಹಚ್ಚಿದಿರಿ. ಗರಿ ಸುಟ್ಟ ನಾತ ಊರ ಅಗಸಿಯವರೆಗೂ ಹೋಯಿತು. ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಆಗ ಗೊತ್ತಾಯಿತು. ಗರಿ ಮುಟ್ಟಿದರೆಂದು ಅತ್ತೆಯವರನ್ನು ಎರಡು ದಿನ ಅಡುಗೆಮನೆ ಹೊಗಿಸಲಿಲ್ಲ ನೀವು. ಎಪ್ಪತ್ತು ವರ್ಷದ ತಾಯಿ ಪಡಸಾಲೆಯಲ್ಲಿ ತಟ್ಟೆ ಹಿಡಿದು ಕೂತಿದ್ದನ್ನು ನೋಡಿ ನಾನು ಚೀಲ ತುಂಬಿದೆ. ನೀವು ಹೊರಗೆ ಹಾಕಿದ್ದಲ್ಲ, ನಾನೇ ಹೊರಟಿದ್ದು. ಓಣಿಗೆ ಇದನ್ನೂ ಹೇಳಿ.

ಈಗ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನೀವು ಎಲ್ಲವನ್ನೂ ಸುಡಲಿಲ್ಲ. ನಾನು ಕಟ್ಟಿಟ್ಟ ಮೂವತ್ತು ನಮೂನೆಗಳ ಪೆಟ್ಟಿಗೆಯನ್ನು ತೆಗೆದಿಟ್ಟಿರಿ. ಶ್ರಾವಣ ಮುಗಿದ ಮೇಲೆ ಅದನ್ನು ಪುಣೆಗೆ ಒಯ್ದು, ನಮ್ಮ ಮನೆಯಲ್ಲೇ ಕಟ್ಟಿದ್ದು, ಕೆಲಸ ನನ್ನ ಹೆಸರಿಗೆ ಕೊಡಿ ಎಂದಿರಿ. ದಾಳಿಂಬದಲ್ಲಿ, ನಿಮ್ಮ ಭಕ್ತರು ಯಾರೂ ಇಲ್ಲದ ಊರಲ್ಲಿ, ಟ್ರ್ಯಾಕ್ಟರ್ ಗ್ಯಾರೇಜಿನ ಹಿಂದೆ ಬಾಡಿಗೆಗೆ ಒಂದು ಖೋಲಿ ಹಿಡಿದಿರಿ. ಇಬ್ಬರು ಹೆಂಗಸರನ್ನು ಕೂರಿಸಿದಿರಿ. ಬೆಳಿಗ್ಗೆ ನಿಲಂಗಾದಲ್ಲಿ ವಿಭೂತಿ ಹಂಚಿ ಮಧ್ಯಾಹ್ನ ಅಲ್ಲಿ ಗರಿ ಹಂಚುತ್ತೀರಿ.

ಸೋನಾಲಿ ಮೇಡಂ ಕಳೆದ ವಾರ ನನಗೆ ಫೋನ್ ಮಾಡಿದ್ದರು. ನಾನು ಮನೆ ಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಕೈ ನನ್ನದೇ ಎಂದುಕೊಂಡು, ಈ ಸಲದ ಮಾಲು ಯಾಕೆ ಹೀಗೆ ಎಂದು ಮರಾಠಿಯಲ್ಲಿ ಕೇಳಿದರು. ಕೊಕ್ಕೆ ಹಿಡಿದರೆ ಬಾಗುತ್ತದಂತೆ. ಗರಿಯ ಬುಡದಲ್ಲಿ ಕೊಬ್ಬು ಹಾಗೇ ಇದೆಯಂತೆ. ಒಂದು ಪಾಕೀಟು ಬಿಚ್ಚಿದರೆ ಹುಳ ಹೊರಗೆ ಬಂತಂತೆ. ನಾಚಿಕೆ ನನಗಾಯಿತು.

ಯಾದಿ ತೆಗೆದುಕೊಳ್ಳಿ.

ಮೊದಲು ಕೊಕ್ಕೆ ಹಿಡಿಯುವ ಇಕ್ಕಳ. ಅದರ ಬಾಯಿ ಉಕ್ಕಿನದಿರಬೇಕು, ಕೊಕ್ಕೆಯನ್ನು ಒತ್ತಿದರೆ ಜಾರಬಾರದು. ನನ್ನದನ್ನು ನೀವು ಗಟಾರಕ್ಕೆ ಎಸೆದಿರಿ. ಉದಗೀರದ ಲೇಥ್ ಅಂಗಡಿಯ ಬಾಲಾಜಿ ಮೂರು ಸಲ ತಿದ್ದಿ ನನಗೆ ಹೊಸದು ಮಾಡಿಕೊಟ್ಟಿದ್ದಾನೆ. ನಿಮಗೆ ಮಾಡಿಕೊಡುತ್ತಾನೋ ಇಲ್ಲವೋ, ನೀವೇ ಹೋಗಿ ಕೇಳಿ.

ಕೊಕ್ಕೆಯ ನಂಬರ್ ದೊಡ್ಡದಾದಷ್ಟು ಕೊಕ್ಕೆ ಸಣ್ಣದಾಗುತ್ತದೆ. ನೀವು ಹದಿನಾಲ್ಕನೇ ನಂಬರ್ ಕೇಳಿದವರಿಗೆ ಎಂಟರದು ಕೊಟ್ಟಿದ್ದೀರಿ. ಇಕ್ಕಳಕ್ಕೆ ಸಿಕ್ಕಿಸಿ ಉಗುರಿನಿಂದ ಮೀಟಿದರೆ ಒಳ್ಳೆಯ ಕೊಕ್ಕೆ ಟಿಂಗ್ ಎಂದು ಮೊದಲಿನ ಜಾಗಕ್ಕೇ ಬರುತ್ತದೆ. ಕೆಟ್ಟದ್ದು ಬಾಗಿಯೇ ಉಳಿಯುತ್ತದೆ.

ನೂಲಿನ ಉರುಳೆ ಹಿಡಿಯುವ ನಳಿಗೆಯ ತುದಿಗೆ ಅರಳೆ ಸವರಿ ನೋಡಿ. ಎಳೆ ಸಿಕ್ಕಿಕೊಂಡರೆ ತುದಿ ಒರಟು, ನೂಲನ್ನು ಕತ್ತರಿಸುತ್ತದೆ. ಕತ್ತರಿ ಎರಡು ಬೇಕು, ಗರಿಗೊಂದು, ತಂತಿಗೊಂದು. ಒಂದರಲ್ಲೇ ಎರಡನ್ನೂ ಕತ್ತರಿಸಿದರೆ ಎರಡೂ ಕೆಡುತ್ತವೆ. ತಾಮ್ರದ ಸಣ್ಣ ತಂತಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಗರಿ ಹಿಡಿಯಲು ಅಕ್ಕಸಾಲಿಗರ ಚಿಮಟ ಸಾಕು. ಗಂಟಿನ ಮೇಲೆ ಬಣ್ಣವಿಲ್ಲದ ಉಗುರುಪಾಲಿಶ್ ಹಚ್ಚಿ. ಹೊಲಿಗೆ ದಾರ ಬೇಡ, ಅದು ದಪ್ಪ. ಮೇಣ ಹಚ್ಚಿದ ಸಣ್ಣ ನೂಲೇ ಬೇಕು, ಅದನ್ನು ಕಂಪನಿಯಿಂದಲೇ ತರಿಸಬೇಕು.

ಇನ್ನು ಗರಿ. ನೀರಿನ ಮೇಲೆ ತೇಲುವ ನೊಣಕ್ಕೆ ಹುಂಜದ ಕುತ್ತಿಗೆಯದು. ಬಗ್ಗಿಸಿದರೆ ಎಳೆಗಳು ಬಿಡಿಬಿಡಿಯಾಗಿ ಸೆಟೆದು ನಿಲ್ಲಬೇಕು, ಎಲ್ಲ ಒಂದೇ ಉದ್ದ ಇರಬೇಕು. ಮುಳುಗುವ ನೊಣಕ್ಕೆ ಹೇಂಟೆಯ ಮೆತ್ತನೆಯದು. ಉಗುರುಬಿಸಿ ನೀರಿನಲ್ಲಿ ಸಾಬೂನು ಹಾಕಿ ತೊಳೆಯಿರಿ, ನೆರಳಲ್ಲಿ ಒಣಗಿಸಿ, ಡಬ್ಬಿಯಲ್ಲಿ ನುಸಿಗುಳಿಗೆ ಇಡಿ. ನವಿಲುಗರಿಗೆ ಕೈ ಹಾಕಬೇಡಿ. ಅದನ್ನು ಹೊರದೇಶಕ್ಕೆ ಕಳಿಸುವುದು ಅಪರಾಧ.

ಇಷ್ಟೇ. ಒಂದನ್ನೂ ಬಚ್ಚಿಟ್ಟಿಲ್ಲ, ಒಂದನ್ನೂ ತಪ್ಪಾಗಿ ಬರೆದಿಲ್ಲ. ತಪ್ಪು ಬರೆದು ನಿಮ್ಮನ್ನು ಕೆಡಿಸಬೇಕೆಂದು ಮೊದಲ ಸಾಲಿನಲ್ಲಿ ಅನ್ನಿಸಿತ್ತು. ಆದರೆ ದಾಳಿಂಬದ ಆ ಇಬ್ಬರು ಹೆಂಗಸರು ನನಗೇನು ಮಾಡಿದ್ದಾರೆ? ಈ ಯಾದಿ ಅವರಿಗೆ. ಓದಿ ಹೇಳಿ. ಅವರಿಗೆ ಕಲಿಸಲು ಮಾತ್ರ ನಿಮ್ಮ ಖೋಲಿಗೆ ಬರುವುದಿಲ್ಲ. ಕಲಿಯಬೇಕೆಂದರೆ ಅವರೇ ಉದಗೀರಕ್ಕೆ ಬರಲಿ. ನಮೂನೆಗಳು ಯಾರ ಕೈಯವು ಎಂದು ಮೇಡಂಗೆ ತಿಳಿಸಿದ್ದೇನೆ. ಮುಂದಿನ ಕೆಲಸ ನನ್ನ ಹೆಸರಿಗೆ ಬರುತ್ತದೆ.

ಮನೆಗೆ ಯಾವಾಗ ಬರುತ್ತೀ ಎಂದು ನೀವು ಕೇಳಿಲ್ಲ. ಕೇಳದೆಯೇ ಉತ್ತರ ಕೊಡುತ್ತೇನೆ. ಬರುವುದಿಲ್ಲ.

ಸಾರಿಕಾ

ತಾಜಾಕಲಂ: ಅತ್ತೆಯವರು ಜಳಕೋಟದ ನಿಮ್ಮ ಸೋದರಮಾವನ ಮನೆಯಲ್ಲಿದ್ದಾರೆ ಎಂದುಕೊಂಡಿದ್ದೀರಿ. ಅಲ್ಲಿ ಇದ್ದದ್ದು ಎರಡೇ ದಿನ. ದೀಪಾವಳಿಯ ಮರುವಾರದಿಂದ ನನ್ನ ಹತ್ತಿರ ಇದ್ದಾರೆ. ಬಂದ ದಿನವೇ ಕಾಲು ಹಿಡಿದು ಪ್ಲಾಸ್ಟಿಕ್ಕಿನ ಸುಳ್ಳನ್ನು ಒಪ್ಪಿಕೊಂಡೆ. ಅವರು ನನ್ನನ್ನು ಎಬ್ಬಿಸಿ ಹೇಳಿದ್ದು ಇದು: "ಹುಚ್ಚಿ, ಪುಕ್ಕ ಯಾವುದು, ಪ್ಲಾಸ್ಟಿಕ್ ಯಾವುದು ನನಗ ತಿಳಿಯಂಗಿಲ್ಲೇನು? ಮೊದಲ ದಿನಾನೇ ಗೊತ್ತಿತ್ತು. ಸಂಜಿಗೆ ಇನ್ನೊಮ್ಮೆ ಜಳಕ ಮಾಡಿ ಪೂಜಾಕ್ಕ ಕೂಡ್ತಿದ್ದೆ. ಅಂವ ಬೆಂಕಿ ಹಚ್ಚಿದಾಗ ನಂಗೂ ಗೊತ್ತದ ಅಂತ ಬಾಯಿ ಬಿಡಲಿಲ್ಲ ನೋಡು, ತಪ್ಪು ನಂದದ." ಅದನ್ನು ನಿಮಗೆ ತಿಳಿಸಲು ಅವರೇ ಹೇಳಿದ್ದಾರೆ. ಕರೆದೊಯ್ಯಲು ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದೂ ಬರೆ ಎಂದರು.