ನಲವತ್ತೆರಡು ಮುತ್ತು

ಬೊಲೊನ್ಯಾ, ಅಕ್ಟೋಬರ್ ೧೨, ೧೫೮೭

ಪ್ರೀತಿಯ ಓರ್ಟೆನ್ಸಿಯಾ ಅಕ್ಕನಿಗೆ,

ಮಗಳು ಲೌಡೋಮಿಯಾಳ ಚಿತ್ರಕ್ಕೆ ಚಿತ್ರಕಾರನ ಕೂಲಿ ಇಪ್ಪತ್ತು ಸ್ಕೂಡಿ, ನೀಲಿ ಬಣ್ಣಕ್ಕೆ ಬೇರೆ ಮೂರು, ಅದನ್ನು ಫೆರಾರಾದ ವರನ ಮನೆಗೆ ಸಾಗಿಸಿದ ಹೇಸರಗತ್ತೆಗೆ ಒಂದು. ಕೊರಳಿನ ಮುತ್ತಿನ ಸರಕ್ಕೆ ಮಾತ್ರ ಖರ್ಚಿಲ್ಲ. ಅದು ಚಿತ್ರಕಾರನ ಅಪ್ಪನ ಕಾಲದ ಗಾಜಿನ ಸರ. ಚಿತ್ರಕ್ಕೆ ಕೂರುವ ಹುಡುಗಿಯರಿಗೆಲ್ಲ ಅದನ್ನೇ ತೊಡಿಸುತ್ತಾರೆ.

ಬೀಗರಿಗೆ ಚಿತ್ರ ಎಷ್ಟು ಹಿಡಿಸಿತೆಂದರೆ, ವರದಕ್ಷಿಣೆಯ ಪಟ್ಟಿಯಲ್ಲಿ 'ಚಿತ್ರದಲ್ಲಿರುವ ಸರ, ನಲವತ್ತೆರಡು ಮುತ್ತು' ಎಂದು ಎಣಿಸಿ ಬರೆಸಿದ್ದರು! ನನ್ನ ಅಂಗಡಿಯ ರೇಷ್ಮೆಯನ್ನೆಲ್ಲ ಮಾರಿದರೂ ಅಂಥದ್ದು ಬಾರದು. ನಿಜ ಹೇಳಿದರೆ ಸಂಬಂಧ ಮುರಿಯುತ್ತದೆ. ಮಗಳಿಗೋ ಆ ಹುಡುಗನ ಮೇಲೇ ಜೀವ.

ನಿನ್ನೆ ಪಟ್ಟಿಗೆ ಸಹಿ ಹಾಕಲು ಬೀಗರು ಗಂಡ ಹೆಂಡತಿ ಇಲ್ಲಿಗೆ ಬಂದರು. ನಾನು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೀಗಿತ್ತಿ ಡಿಯನೋರಾ ಪಟ್ಟಿ ಓದಿ ಗಂಡನ ಕಡೆ ತಿರುಗಿದರು.

"ಏನ್ರೀ, ನಮ್ಮನೆ ಗೋಡೆ ಮೇಲೆ ನನ್ನ ಚಿತ್ರ ಇಪ್ಪತ್ತೈದು ವರ್ಷದಿಂದ ಇದೆ. ಒಂದಿನಾನಾದ್ರೂ ತಲೆ ಎತ್ತಿ ನೋಡಿದೀರಾ? ನಾನೂ ಇದೇ ಊರೋಳು. ನನ್ನ ಕೊರಳಲ್ಲೂ ಇದೇ ಸರ!"

"ಅದನ್ನ ನಿಮ್ಮಪ್ಪ ಆಮೇಲೆ ಕಳಿಸ್ತೀನಿ ಅಂದಿದ್ರಲ್ಲೇ?"

"ಅಯ್ಯೋ ಪಾಪ! ಇನ್ನೂ ಕಾಯ್ತಿದೀರಾ?"

ಅಕ್ಕ, ಬೀಗರೂ ನಕ್ಕುಬಿಟ್ಟರು! ಆ ಸಾಲನ್ನು ತಾವೇ ಹೊಡೆದುಹಾಕಿದರು. ಮುಂದಿನ ತಿಂಗಳು ಸಂತ ಮಾರ್ಟಿನ್ ಹಬ್ಬದ ಮರುದಿನ ಮದುವೆ. ಮೂರು ದಿನ ಮೊದಲೇ ಬಾ. ಅಮ್ಮನ ಕಸೂತಿಯ ಹಾಸುಬಟ್ಟೆಗಳನ್ನು ಮರೆಯಬೇಡ.

ಒಟ್ಟಿನಲ್ಲಿ ಮಗಳಿಗೆ ಮೆಚ್ಚಿದ ಗಂಡು ಸಿಕ್ಕಿದ, ನನಗೆ ನಿದ್ದೆ ಸಿಕ್ಕಿತು. ಬೀಗರಿಗೆ ಚಿತ್ರಕಾರನ ಮನೆಯ ದಾರಿ ಸಿಕ್ಕಿತು: ಇವತ್ತು ಬೆಳಿಗ್ಗೆಯೇ ಹೋಗಿ, ತಮ್ಮ ಕಿರಿಮಗಳ ಚಿತ್ರಕ್ಕೆ ಆ ಸರವನ್ನು ಕೇಳಿಟ್ಟು ಬಂದರು.

ನಿನ್ನ ತಮ್ಮ,
ಬಾಲ್ದಸಾರೆ