ಹಿಂಡಿದ ಬಟ್ಟೆ

ಫೆಬ್ರವರಿ ೧೯೮೯

ಸುಂದರಬಾಯಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೆ ಬರೆಯದಿದ್ದರೆ ಇವತ್ತು ಊಟ ಇಳಿಯುವುದಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಜಿಡಗಾದಿಂದ ದಿನ ತುಂಬದೆ ಹುಟ್ಟಿದ ಕೂಸೊಂದು ಬಂತು. ಅಂಗೈಯಷ್ಟೇ ಇತ್ತು, ಮೈ ಸುಡುತ್ತಿತ್ತು. ನಳಿಕೆ ಹಾಕಿ ಪರೀಕ್ಷೆಗೆ ಮೂತ್ರ ತೆಗೆಯಲು ಡಾಕ್ಟರು ಹೇಳಿದರು. ಹೇಳಿ, ಎಂದಿನಂತೆ ನನ್ನೊಬ್ಬಳನ್ನೇ ಕೇಳಿದರು: “ಮಹಾನಂದಾ, ಕೈ ತೊಳಕೊಂಡೀಯೇನ?”

ಆ ಪ್ರಶ್ನೆ ನೀನು ಬಿಟ್ಟುಹೋದದ್ದು. ನಾವಿಬ್ಬರೂ ಇಲ್ಲಿ ಜೊತೆಗಿದ್ದಾಗ, ಇನ್ನೊಂದು ಕೂಸಿಗೆ ನಾನು ಹಾಕಿದ ನಳಿಕೆಯಲ್ಲಿ ಏನೂ ಬರಲಿಲ್ಲವೆಂದು ಅದರ ಒದ್ದೆ ಬಟ್ಟೆ ಹಿಂಡಿ ಶೀಶೆ ತುಂಬಿದವಳು ನೀನು. ಪರೀಕ್ಷೆಯಲ್ಲಿ ಆ ಬಟ್ಟೆಯ ಹೊಲಸು ಕಂಡಾಗ “ಮಹಾನಂದಾ ಕೈ ತೊಳಕೊಂಡಿದ್ದಿಲ್ರಿ” ಅಂದವಳೂ ನೀನೇ. ನೀನಾಗಿಯೇ ನಿಜ ಹೇಳುತ್ತೀ ಎಂದು ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನೀನು ನರ್ಸಿಂಗ್ ಶಾಲೆಗೆ ಟೀಚರಾಗಿ ಹೋದೆ.

ಇವತ್ತು ಕೂಸಿನ ಕಾಲು ಹಿಡಿದವಳು ಹೊಸ ನರ್ಸ್ ಕಸ್ತೂರಿ. ಕೂಸು ಒಂದೇ ಸಮ ಅತ್ತಿತು. ನೀನು ಹಿಡಿದರೆ ಯಾವ ಕೂಸೂ ಅಳುತ್ತಿರಲಿಲ್ಲ. ನಳಿಕೆಗೆ ಮೊದಲು ಒರೆಸುವ ತಣ್ಣನೆಯ ಹತ್ತಿ ತಾಗಿದ್ದೇ ತಡ, ಬಟ್ಟೆಯ ಮೇಲೆ ಉಚ್ಚೆ ಹೊಯ್ದುಬಿಟ್ಟಿತು. ನಳಿಕೆಗೆ ಏನೂ ಉಳಿಯಲಿಲ್ಲ.

“ಬಟ್ಟಿ ಹಿಂಡ್ಲೇನ್ರಿ ಸಿಸ್ಟರ್?” ಅಂದಳು ಕಸ್ತೂರಿ.

“ಯಾರ ಬೇ ಇದನ್ನ ಕಲಿಸಿದವ್ರು?”

“ಸುಂದರಬಾಯಿ ಟೀಚರ್ ರೀ. ಅವ್ರು ಇದನ್ನ ನಿಮ್ಮ ಹತ್ರಾನೇ ಕಲ್ತಾರಂತಲ್ರಿ?”

ಬಟ್ಟೆಯನ್ನು ಬಕೆಟ್ಟಿಗೆ ಎಸೆದೆ. ಕೂಸಿಗೆ ಹಾಲು ಕುಡಿಸಿ, ಮತ್ತೆ ಮೂತ್ರ ತುಂಬುವವರೆಗೆ ಇಬ್ಬರೂ ಕಾದೆವು. ಆಮೇಲೆ ನಾನು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಕಸ್ತೂರಿ ಹಿಂದೆಯೇ ಬಂದು ನಿಂತಳು, ತೊಳೆಯುತ್ತೇನೋ ಇಲ್ಲವೋ ನೋಡಲು.