ಬೇಡವೆಂದವರ ಕೈ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಚಿನಕುರುಳಿಗೆ,

ಅಮ್ಮನ ಮುದ್ದುಗಳು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುತ್ತೀಯ. ಫೋನು ಬಿಟ್ಟು ಇದೇನು ಕಾಗದ ಎಂದು ನಿನಗೆ ಆಶ್ಚರ್ಯವಾಗಿರಬೇಕು. ಈ ವಿಷಯವನ್ನು ಫೋನಿನಲ್ಲಿ ಹೇಳಹೊರಟರೆ ನಾನು ಅರ್ಧದಲ್ಲೇ ನಕ್ಕು ಮಾತು ಮರೆಸಿಬಿಡುತ್ತೇನೆ. ಕಾಗದದ ಮುಂದೆ ಕೂತರೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ.

ಹೋದ ಸಲ ನೀನು ಕೇಳಿದೆಯಲ್ಲ, ನಿಮ್ಮ ನರ್ಸಿಂಗ್ ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ ಎಂದು? ಕೀಲಿಮಣೆಯೇ ಇಲ್ಲದ, ಬರೀ ಗಾಜಿನ ಹಲಗೆಯಂಥ ಕಂಪ್ಯೂಟರ್ ಬರುತ್ತದಂತೆ, ಹೌದಾ, ಬಂದರೆ ಜನ ಅದನ್ನು ಇಷ್ಟಪಡುತ್ತಾರಾ, ಸಮೀಕ್ಷೆಯ ಆಫೀಸಿನಲ್ಲಿರುವ ನಿನಗೆ ಗೊತ್ತಿಲ್ಲದೆ ಇರುತ್ತದಾ ಅಮ್ಮಾ ಎಂದೆಲ್ಲ. ನನಗೇನು ಗೊತ್ತು ಮಾರಾಯ್ತಿ ಎಂದುಬಿಟ್ಟೆ. ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೆ. ಈಗ ಹೇಳುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಚಪ್ಪಲಿ ಅಂಗಡಿಯ ಮೇಲಿನ ಆ ಉದ್ದನೆಯ ಕೋಣೆಯಲ್ಲಿ ಹೊರಗಿನ ಜನರನ್ನು ಕೂರಿಸಿ, ಚಹಾ ಕೊಟ್ಟು, ಈ ಸೋಪಿನ ವಾಸನೆ ಹಿಡಿಸಿತಾ, ಈ ಬಿಸ್ಕತ್ತು ಗರಿಗರಿ ಇದೆಯಾ ಎಂದು ಕೇಳುವುದು. ಗೋಡೆಯ ಕನ್ನಡಿಯ ಹಿಂದೆ ಸರಕು ತಯಾರಿಸುವವರು ಕೂತು ನೋಡುತ್ತಾರೆ. ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ. ಈ ಸಲ ಕನ್ನಡಿಯ ಹಿಂದೆ ಬಂದವಳು ಬೂದು ಕೋಟಿನ ಒಬ್ಬಳೇ ಹೆಂಗಸು. ಯಾವ ಕಂಪನಿ ಎಂದು ನಮ್ಮ ಅಂದಾಜಪ್ಪನಿಗೂ ಗೊತ್ತಿರಲಿಲ್ಲ. (ನಮ್ಮ ಮ್ಯಾನೇಜರ್ ಇನ್ನೂ ಹಾಗೇ ಇದ್ದಾನೆ. ಬಾಯಿ ತೆರೆದರೆ ‘ಅಂದಾಜು’ ಎಂಬ ಮಾತಿಲ್ಲದೆ ವಾಕ್ಯ ಹೊರಡುವುದಿಲ್ಲ. ಮೊನ್ನೆ ಅಂದಾಜು ಶೀತವಾಗಿತ್ತಂತೆ.)

ಅವಳು ಬಟ್ಟೆಯ ಚೀಲದಿಂದ ಆ ವಸ್ತುವನ್ನು ತೆಗೆದು ನನ್ನ ಮುಂದಿಟ್ಟಳು. ಕರಿ ಗಾಜು, ಹಿಂದೆ ತಗಡು. ಸ್ಲೇಟಿನಷ್ಟು ಅಗಲ. ಇದು ಬರೀ ಡಮ್ಮಿ, ಹಿಡಿದು ನೋಡುವುದಕ್ಕಷ್ಟೇ, ಒಳಗೆ ತೂಕಕ್ಕೆಂದು ಒಂದು ಕಬ್ಬಿಣದ ತುಂಡು ಬಿಟ್ಟರೆ ಏನೂ ಇಲ್ಲ ಎಂದಳು. ಅಂದಾಜಪ್ಪ ತಿರುಗಿಸಿ ಮುರುಗಿಸಿ ನೋಡಿದ. ಗುಂಡಿ ಇಲ್ಲ, ತಂತಿ ಇಲ್ಲ, ಒಂದು ತೂತೂ ಇಲ್ಲ.

ಮೊದಲ ಗುಂಪಿನಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬ ಬಸ್ ಡ್ರೈವರು, ಒಬ್ಬರು ಸಂಗೀತದ ಟೀಚರು. ಮೂವರಿಗೂ ಇದು ಡಮ್ಮಿ ಎಂದು ನಾನೇ ಬಿಡಿಸಿ ಹೇಳಿದೆ. ಅವರ ಮಾತು ಕೇಳಿದ್ದರೆ ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಡ್ರೈವರು ಹೇಳಿದ, “ಫೋನ್ ಇದೆ, ಮನೇಲಿ ಕಂಪ್ಯೂಟರ್ ಇದೆ, ಮಧ್ಯೆ ಇದ್ಯಾಕೆ ಮೇಡಂ? ಜೇಬಲ್ಲಿ ಹಿಡಿಸಲ್ಲ, ತಲೆದಿಂಬಿಗೂ ಆಗಲ್ಲ.” ಡಾಕ್ಟರು, ಬೆರಳಿನ ಎಣ್ಣೆಯೆಲ್ಲ ಗಾಜಿಗೆ ಮೆತ್ತಿಕೊಳ್ಳುತ್ತದೆ, ಒರೆಸುವುದೇ ಒಂದು ಉದ್ಯೋಗವಾಗುತ್ತದೆ ಎಂದರು. ಟೀಚರು, ಒಂದು ಸಲ ಕೈ ಜಾರಿ ಬಿದ್ದರೆ ಗೋವಿಂದ ಎಂದರು. ಕೊಳ್ಳುತ್ತೀರಾ ಎಂದರೆ ಮೂವರೂ ಖಂಡಿತಾ ಇಲ್ಲ.

ಇಲ್ಲ ಎಂದರೇ ಹೊರತು ಯಾರೂ ಅದನ್ನು ಕೆಳಗಿಡಲಿಲ್ಲ.

ಕೈಯಿಂದ ಕೈಗೆ ಹೋಯಿತು. ಹಿಡಿದವರ ಮಾತು ನಡುವೆಯೇ ನಿಂತಿತು. ತಲೆ ಒಂದು ಕಡೆಗೆ ವಾಲಿತು, ಮೂವರದ್ದೂ ಒಂದೇ ಕಡೆಗೆ. ಹೆಬ್ಬೆರಳು ಆ ಸತ್ತ ಗಾಜಿನ ಮೇಲೆ ಮೆಲ್ಲಗೆ ಓಡಾಡತೊಡಗಿತು. ಡಾಕ್ಟರು ಯಾವುದೋ ಸಂತೋಷದ ಸುದ್ದಿ ಕೇಳಿದವರಂತೆ ನಕ್ಕರು. ಯಾಕೆ ನಕ್ಕಿರಿ ಎಂದರೆ, ನಾನು ನಕ್ಕೆನಾ ಎಂದು ನನ್ನನ್ನೇ ಕೇಳಿದರು. ಆಮೇಲೆ ಟೀಚರ ಕೈಗೆ ಬಂತು. ಅವರು ತುಸು ಹೊತ್ತು ನೋಡಿ ಸಣ್ಣ ದನಿಯಲ್ಲಿ, “ಇಲ್ಲ, ಒಬ್ಬಳೇ ಇರೋದು” ಎಂದರು. ನಾನು ಏನೂ ಕೇಳಿರಲಿಲ್ಲ.

ಪುಟ್ಟಾ, ಪ್ರಶ್ನೆ ಕೇಳುವುದೇ ನನ್ನ ಹೊಟ್ಟೆಪಾಡು. ಉತ್ತರ ಕೊಡುವವರ ಮುಖ ಹೇಗಿರುತ್ತದೆಂದು ನನಗೆ ಕಣ್ಣು ಕಟ್ಟಿದರೂ ಗೊತ್ತಾಗುತ್ತದೆ. ಪ್ರಶ್ನೆ ಮುಗಿಯಲಿ ಎಂದು ಕಾಯುವುದು, ಒಂದು ಕ್ಷಣ ಯೋಚಿಸುವುದು, ಸರಿಯಾಗಿ ಹೇಳಿದೆನಾ ಎಂದು ಎದುರಿನವರ ಮುಖ ನೋಡುವುದು. ಟೀಚರು ಆ ಗಾಜಿನ ಮುಖವನ್ನು ಹಾಗೆ ನೋಡುತ್ತಿದ್ದರು. ಕೊನೆಗೆ ನಿದ್ದೆ ಹೋದ ಮಗುವಿನ ಕೈಯಿಂದ ಆಟಿಕೆ ಬಿಡಿಸಿಕೊಳ್ಳುವಂತೆ ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದುಕೊಳ್ಳಬೇಕಾಯಿತು.

ಅಂದಾಜಪ್ಪನಿಗೆ ಇದ್ಯಾವುದೂ ಕಾಣಲಿಲ್ಲ. “ಇದು ಹುಟ್ಟೋಕೆ ಮುಂಚೆ ಸತ್ತಿದೆ ಮೇಡಂ. ಅಂದಾಜು ಯಾರಿಗೂ ಬೇಡ” ಎಂದು ಕೈ ಉಜ್ಜಿಕೊಂಡ. ಬೂದು ಕೋಟಿನವಳು ನನ್ನ ಕಡೆ ತಿರುಗಿದಳು. ಮನೆಯಲ್ಲಿ, ವಯಸ್ಸಾದವರ ಕೈಯಲ್ಲಿ ಇದು ಹೇಗಿರುತ್ತದೆ ನೋಡಬೇಕಿತ್ತು, ಕೆಲವು ದಿನ ಮನೆಗೆ ಒಯ್ಯುತ್ತೀರಾ ಎಂದು ನನ್ನನ್ನು ಕೇಳಿದಳು. ನಮ್ಮ ಮನೆಯಲ್ಲಿ ಅಜ್ಜಿ ಇದ್ದಾಳೆಂದು ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಒಲ್ಲೆ ಎನ್ನಬಹುದಿತ್ತು. ಒಯ್ದೆ.

ನನ್ನ ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಈಗ ಕಣ್ಣು ಎಷ್ಟು ಮಂಜೆಂದು ನಿನಗೆ ಗೊತ್ತು. ನನ್ನನ್ನೇ ಹೆಜ್ಜೆ ಸಪ್ಪಳದಿಂದ ಗುರುತು ಹಿಡಿಯುತ್ತಾಳೆ. ಇದರ ಹೆಸರು ಟ್ಯಾಬ್ಲೆಟ್ ಅಂತೆ ಕಣಮ್ಮ ಎಂದು ತೊಡೆಯ ಮೇಲಿಟ್ಟೆ. “ಊಟಕ್ಕೆ ಮುಂಚೆ ತಗೋಬೇಕೋ, ಆಮೇಲೋ?” ಎಂದಳು. ಇಬ್ಬರೂ ನಕ್ಕೆವು. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಕಿಟಕಿಯಿಂದ ಒಳ್ಳೆಯ ಬಿಸಿಲು ಬಿದ್ದಿತ್ತು.

ಆಗ ಅಮ್ಮ ಹೇಳಿದಳು, “ಪಾಪ, ಕಾಲಿಗೆ ಏನೋ ಮಾಡ್ಕೊಂಡಿದಾಳೆ ನೋಡು.”

ಯಾರು ಎಂದೆ.

“ನಿನ್ನ ಮಗಳು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದಾಳೆ. ಕೆಂಪು ಟವೆಲ್ ಕಿಟಕಿಗೆ ಹಾಕಿದಾಳೆ, ಗಾಳಿಗೆ ಬಿದ್ದುಹೋಗುತ್ತೆ ಈಗ.”

ಬಾಗಿ ನೋಡಿದೆ. ಕರಿ ಗಾಜಿನಲ್ಲಿ ಕಿಟಕಿಯ ಬೆಳಕು, ಅಮ್ಮನ ಗಲ್ಲ. ಬೇರೇನೂ ಇಲ್ಲ. ಅವತ್ತು ಸಂಜೆ ನಾನು ಫೋನು ಮಾಡಿ ಕಾಲಿಗೇನಾಯಿತು ಎಂದಾಗ, ನಿನಗ್ಯಾರು ಹೇಳಿದರು ಎಂದು ನೀನು ಬೆಚ್ಚಿಬಿದ್ದೆಯಲ್ಲ? ಹೆತ್ತ ಕರುಳಿಗೆ ತಿಳಿಯುತ್ತದೆ ಎಂದು ಜಂಬ ಕೊಚ್ಚಿಕೊಂಡೆ. ಕರುಳಿಗೆ ಏನೂ ತಿಳಿದಿರಲಿಲ್ಲ. ಟವೆಲ್ ಬಿದ್ದುಹೋಯಿತಾ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಆಮೇಲೆ ಅಮ್ಮ ಅದನ್ನು ಬಿಡಲಿಲ್ಲ. ಊಟಕ್ಕೆ ಕೂತರೂ ತೊಡೆಯ ಮೇಲೆ, ತಲೆ ಬಾಚುವಾಗಲೂ ತೊಡೆಯ ಮೇಲೆ. ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ನೋಡದ ಕಳೆ. ನಿನ್ನ ಸುದ್ದಿಯನ್ನೆಲ್ಲ ನನಗೆ ಹೇಳುವಳು. ನೀನು ಬಸ್ಸು ಹತ್ತಿದ್ದು, ಯಾರ ಜೊತೆಗೋ ಮೆಟ್ಟಿಲ ಮೇಲೆ ಕೂತು ನಕ್ಕಿದ್ದು. ನಿನ್ನಾಣೆ, ನಾನು ಆಸೆಯಿಂದ ಕೇಳುತ್ತಿದ್ದೆ. ನೀನು ಹೋದಮೇಲೆ ಈ ಮನೆ ಎಷ್ಟು ಮೂಕವಾಗಿದೆ ಎಂದು ನಿನಗೆ ಹೇಗೆ ಹೇಳಲಿ? ಆದರೆ ನಡುನಡುವೆ ಅಮ್ಮ ಸುಮ್ಮನಾಗಿ ತಲೆ ವಾಲಿಸಿ, “ಹೌದು, ಹೊಲಿಗೆ ಅಂಗಡಿ” ಎನ್ನುವಳು. “ಇಲ್ಲಪ್ಪ, ಎರಡನೇ ಮಗು ಉಳೀಲಿಲ್ಲ” ಎನ್ನುವಳು. ಯಾರ ಜೊತೆ ಮಾತಾಡುತ್ತಿದ್ದೀಯಮ್ಮ ಎಂದು ಕೇಳಿದೆ.

“ಅವರು ಕೇಳ್ತಾರೆ, ನಾನು ಹೇಳ್ತೀನಿ. ಎಷ್ಟು ಮರ್ಯಾದೆಯಿಂದ ಕೇಳ್ತಾರೆ ಗೊತ್ತಾ? ನಿನ್ನ ಹಾಗೆ ಗಡಿಬಿಡಿ ಇಲ್ಲ.”

ಆ ವಾರವೇ ಸಂಗೀತದ ಟೀಚರು ಆಫೀಸಿನ ಮೆಟ್ಟಿಲ ಬಳಿ ನಿಂತಿದ್ದರು. ಒಳಗೆ ಬಂದು, “ಮೇಡಂ, ನಾನಿಲ್ಲಿ ಏನಾದ್ರೂ ಬಿಟ್ಟುಹೋಗಿದೀನಾ?” ಎಂದರು. ಏನು ಎಂದೆ. ಅದೇ ತಿಳಿಯುತ್ತಿಲ್ಲ, ಏನೋ ಇತ್ತು, ಈಗಿಲ್ಲ ಎಂದರು. ಇಬ್ಬರೂ ಕುರ್ಚಿಗಳ ಕೆಳಗೆಲ್ಲ ಬಗ್ಗಿ ನೋಡಿದೆವು. ಮರುದಿನ ಡ್ರೈವರು ಬಂದ. ಒಂದೊಂದೇ ಜೇಬು ಮುಟ್ಟಿಕೊಳ್ಳುತ್ತ ಬಾಗಿಲಲ್ಲಿ ನಿಂತ. ಅದೇ ಪ್ರಶ್ನೆ. ಡಾಕ್ಟರು ಬಂದು, ನನ್ನ ಕೊಡೆ ಇಲ್ಲಿದೆಯಾ ಎಂದು ಕೇಳಿ, ಕೊಡೆ ತಮ್ಮ ಕೈಯಲ್ಲೇ ಇರುವುದನ್ನು ಕಂಡು, ಹಾಗಾದರೆ ಕೊಡೆ ಅಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಇಳಿದುಹೋದರು. ಜನ ಮರೆಗುಳಿಗಳಪ್ಪ ಎಂದು ಅಂದಾಜಪ್ಪ ನಕ್ಕ. ನನಗೆ ನಗು ಬರಲಿಲ್ಲ.

ಆ ಸಂಜೆ ಮನೆಗೆ ಬಂದವಳೇ ಅಮ್ಮನ ಹತ್ತಿರ ಕೂತೆ. ಏನಾದರೂ ಮಾತಾಡಬೇಕಲ್ಲ ಎಂದು, ತಾತನ ಹೊಲಿಗೆ ಕತ್ತರಿ ಮೊಂಡಾಗಿದೆ, ಸಾಣೆ ಹಿಡಿಸಬೇಕು ಎಂದೆ.

“ಯಾವ ತಾತ?” ಎಂದಳು.

ತಮಾಷೆ ಎಂದುಕೊಂಡೆ. ನಿನಗೆ ನೆನಪಿದೆಯಲ್ಲ, ಅಜ್ಜಿ-ತಾತನ ಆ ಕೋಟಿನ ಕಥೆ? ದಿನಕ್ಕೊಂದು ಸಲವಾದರೂ ಹೇಳಿ ನಮ್ಮ ಕಿವಿ ತೂತು ಮಾಡುತ್ತಿದ್ದಳಲ್ಲ. ಒಬ್ಬ ಟೈಲರು ಒಬ್ಬ ಹುಡುಗಿಗೆ ಕೋಟು ಹೊಲಿದ. ಬೇಕೆಂದೇ ಒಂದು ತೋಳು ಉದ್ದ ಇಟ್ಟ. ಅಳತೆಗೆ ಮತ್ತೆ ಕರೆದ. ಆಮೇಲೆ ಇನ್ನೊಂದು ತೋಳು ಗಿಡ್ಡ ಮಾಡಿ ಮತ್ತೆ ಕರೆದ. ಆ ಕಥೆಯನ್ನು ನಾನೇ ಅಮ್ಮನಿಗೆ ಮೊದಲಿನಿಂದ ಹೇಳಿದೆ. ಪಕ್ಕದ ಮನೆಯವರ ಸುದ್ದಿ ಕೇಳುವಂತೆ ಅವಳು ಗಮನವಿಟ್ಟು ಕೇಳಿದಳು. ಮುಗಿದ ಮೇಲೆ, “ಚೆನ್ನಾಗಿದೆ. ಕೊನೆಗೆ ಅವರಿಬ್ಬರೂ ಮದುವೆ ಆದ್ರಾ?” ಎಂದಳು.

ಆದರಮ್ಮ ಎಂದೆ.

ಅಮ್ಮನನ್ನು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದೆ. ವಯಸ್ಸಾಯಿತಲ್ಲ ಎಂದರು. ಉಳಿದ ಎಲ್ಲವೂ ಅವಳಿಗೆ ನೆನಪಿದೆ. ಹಾಲಿನವನು ಬರುವ ಹೊತ್ತು, ನನ್ನ ಬಾಲ್ಯದ ತುಂಟತನ, ಓಣಿಯವರ ಜಗಳ, ಎಲ್ಲ. ತಾತನಿದ್ದ ಜಾಗ ಮಾತ್ರ ಯಾರೋ ಒರೆಸಿಟ್ಟ ಹಾಗಿದೆ.

ಮರುದಿನ ಅದನ್ನು ಅಮ್ಮನ ಕೈಯಿಂದ ಕಿತ್ತುಕೊಂಡು ಆಫೀಸಿಗೆ ಒಯ್ದೆ. ಕಿತ್ತುಕೊಂಡೆ ಎಂದೇ ಬರೆಯಬೇಕು. ಅವಳ ಉಗುರು ನನ್ನ ಮಣಿಕಟ್ಟಿಗೆ ತಾಗಿದ ಗೀರು ಇನ್ನೂ ಆರಿಲ್ಲ. ಬೂದು ಕೋಟಿನವಳು ನನ್ನ ವರದಿಯನ್ನು ಓದುತ್ತ ಕೂತಿದ್ದಳು. ಜನರಿಗೆ ಇದು ಬೇಡ, ಒಬ್ಬರೂ ಕೊಳ್ಳುವುದಿಲ್ಲ ಎಂದು ಬರೆದುಕೊಟ್ಟಿದ್ದೆ. ಬಾಯಿಬಿಟ್ಟೂ ಹೇಳಿದೆ, ದಯವಿಟ್ಟು ಇದನ್ನು ಹೊರಗೆ ತರಬೇಡಿ ಎಂದು. ಅವಳು ಸಿಟ್ಟಾಗಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದಳು, “ಅವರು ಬಾಯಲ್ಲಿ ಏನು ಹೇಳಿದ್ರು ಅಂತ ನೀವು ಬರೆದಿದೀರಿ. ನಾವು ಅವರ ಕೈ ನೋಡ್ತಾ ಇದ್ವಿ.”

ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಒಳಗೇನಿದೆ ಎಂದು ನಾನು ಕೇಳಿದ್ದಕ್ಕೆ, ಮೊದಲೇ ಹೇಳಿದ್ದೆನಲ್ಲ, ಕಬ್ಬಿಣದ ತುಂಡು ಎಂದಳು. ಸುಳ್ಳು ಹೇಳುವವರ ಮುಖವೂ ನನಗೆ ಗೊತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಹೀಗಾಗಿ ನಿನ್ನ ಪ್ರಶ್ನೆಗೆ ಉತ್ತರ ಇದು. ಬರುತ್ತದೆ. ಪತ್ರಿಕೆಯವರು ಇದರಿಂದೇನು ಉಪಯೋಗ ಎಂದು ಬರೆಯುತ್ತಾರೆ, ಅಂದಾಜಪ್ಪನಂಥವರು ಓದಿ ತಲೆದೂಗುತ್ತಾರೆ. ಜನ ಬೇಡ ಬೇಡ ಎನ್ನುತ್ತಲೇ ಒಂದು ಸಲ ಹಿಡಿದು ನೋಡುತ್ತಾರೆ. ಇದರಿಂದ ಏನು ಮಾಡುತ್ತೀರಿ ಎಂದು ನಾನು ಎಲ್ಲರನ್ನೂ ಕೇಳಿದೆ. ಯಾರನ್ನು ನೋಡಬೇಕೆನಿಸುತ್ತದೆ ಎಂದು ಕೇಳಲಿಲ್ಲ. ಕೇಳಿದ್ದರೆ ಒಬ್ಬರೂ ಇಲ್ಲ ಎನ್ನುತ್ತಿರಲಿಲ್ಲ.

ನೀನು ಮಾತ್ರ ಹಿಡಿಯಬೇಡ. ಗೆಳತಿಯರು ತಂದು ತೋರಿಸಿದರೂ ಕೈ ಒದ್ದೆಯಿದೆ ಎಂದುಬಿಡು.

ಅಜ್ಜಿ ಆರಾಮಾಗಿದ್ದಾಳೆ. ಒಂದೊಂದು ಸಲ ಅಂಗೈ ಎರಡೂ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ, ಅಷ್ಟೇ. ನನ್ನ ಬಗ್ಗೆ ಚಿಂತೆ ಬೇಡ. ನಾನು ಅದನ್ನು ಅಲ್ಲಿಂದಿಲ್ಲಿಗೆ ಎತ್ತಿಟ್ಟವಳೇ ಹೊರತು ಒಂದು ಸಲವೂ ದಿಟ್ಟಿಸಿ ನೋಡಲಿಲ್ಲ. ಚೆನ್ನಾಗಿ ಓದು. ಕಾಲಿನ ಗಾಯಕ್ಕೆ ನೀರು ತಾಗಿಸಬೇಡ.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮ

ಮತ್ತೆ: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ದಿಟ್ಟಿಸಿ ನೋಡಲಿಲ್ಲ ಎಂದು ಬರೆದದ್ದು ನಿಜವಲ್ಲ. ವಾಪಸ್ಸು ಒಯ್ಯುವ ದಿನ ಬಸ್ಸಿನಲ್ಲಿ ಚೀಲ ಬಿಚ್ಚಿದೆ. ನೀನು ಕಂಡೆ. ಹಗಲು ಹೊತ್ತು ಎದೆಯ ಮೇಲೆ ಪುಸ್ತಕ ಕವುಚಿಕೊಂಡು, ಬಾಯಿ ತುಸು ತೆರೆದು ನಿದ್ದೆ ಮಾಡುತ್ತಿದ್ದೆ. ಅದು ನಾನು ಕೇಳುವ ರೀತಿಯಲ್ಲೇ ಕೇಳಿತು. ಮೊದಲು ಸುಲಭದ್ದು: ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ. ಕೊನೆಗೆ, ಇದಕ್ಕಾಗಿ ಏನು ಬಿಟ್ಟುಕೊಡುತ್ತೀರಿ ಎಂದಿತು. ನಾನು ನಕ್ಕು, ನಿಮಗೇನು ಬೇಕೋ ತಗೊಳ್ಳಿ ಎಂದೆ. ಈಗ ಕಣ್ಣು ಮುಚ್ಚಿದರೆ ಆ ಮಲಗಿದ ಮುಖ ಒಂದೇ ಬರುತ್ತದೆ. ನೀನು ನಡೆಯಲು ಕಲಿತದ್ದು, ಶಾಲೆಗೆ ಹೋಗಲ್ಲ ಎಂದು ಬಾಗಿಲು ಹಿಡಿದು ಅತ್ತದ್ದು, ಇವೆಲ್ಲ ಆಗಿರಲೇಬೇಕು. ಆದರೆ ಒಂದೂ ನೆನಪಾಗುತ್ತಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಯಾರದೋ ಮಗು ನಗುತ್ತಿದೆ. ಓದು ಕೆಟ್ಟರೂ ಪರವಾಗಿಲ್ಲ, ಬೇಗ ಬಾ. ಬಂದು ನನ್ನೆದುರು ಕೂತು ನಿನ್ನ ಕಥೆಯನ್ನೆಲ್ಲ ಮೊದಲಿನಿಂದ ಹೇಳು. ಗಮನವಿಟ್ಟು ಕೇಳುತ್ತೇನೆ.